ಹದಿನಾಲ್ಕು ಕಿಲೋ

ನಾಪೋಕ್ಲಿನ ಕಾಫಿ ಮಂಡಿಯಲ್ಲಿ
ನನ್ನ ಬ್ಯಾಗನ್ನು ತಕ್ಕಡಿಗೆ ಏರಿಸಿ
ರಜಾಕ್ ಕೇಳಿದ:
'ಟೀಚರೇ, ಚೀಲಕ್ಕೆ ಒಂದು ಕಿಲೋ ಕಳೀಲಾ?
ತೇವಕ್ಕೆ ಎಷ್ಟು ಹಿಡೀಲಿ?'

ಹದಿನೇಳೂವರೆ.
ಹೊರಬಹುದಾದ್ದು ಹದಿನಾಲ್ಕು.
ಮೂರೂವರೆ ಕಿಲೋ ನನ್ನಿಂದ ಇಳಿಯಬೇಕು
ಜುಲೈ ಒಂಬತ್ತರೊಳಗೆ.

ಪಾಮಿರ್ ಅಂದರೆ ಇಲ್ಲಿ ಯಾರಿಗೂ ಗೊತ್ತಿಲ್ಲ.
ನಾನೂ ಅಟ್ಲಾಸಿನ ಮೇಲೆ ಬೆರಳಿಟ್ಟೇ ಕಲಿತದ್ದು.
'ಹಿಮಾಲಯದ ಆಚೆಗೆ' ಅಂದರೆ
'ಓ, ಕಾಶಿ ಕಡೆಗಾ' ಅನ್ನುತ್ತಾರೆ,
ಪ್ರಸಾದ ಮರೀಬೇಡ ಅನ್ನುತ್ತಾರೆ.

ಮೊದಲು ಹೆಸರಿನದೇ ಜಗಳ.
ನಮ್ಮಲ್ಲಿ ಮನೆತನ ಮುಂದೆ, ಮನುಷ್ಯ ಹಿಂದೆ;
ಅರ್ಜಿಯ ಚೌಕಗಳಲ್ಲಿ ಎಲ್ಲ ತಲೆಕೆಳಗು.
ಅಂಕಪಟ್ಟಿಯಲ್ಲಿ ಅಕ್ಕವ್ವ, ಆಧಾರಿನಲ್ಲಿ ಅಕ್ಕಮ್ಮ,
ಬ್ಯಾಂಕಿನವರಿಗೆ ಬರೀ ಎಂ.ಬಿ.ಎ. –
ಓದದೇ ಬಂದ ಡಿಗ್ರಿ.
ಈ ಮೂವರೂ ಒಬ್ಬಳೇ ಎಂದು
ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿದೆ.
ನೋಟರಿ ಮೊಹರು ಒತ್ತಿದರು,
ಒಬ್ಬಳ ಮುಖವನ್ನೂ ನೋಡಲಿಲ್ಲ.

ತನಿಖೆಗೆ ಬಂದ ಪೊಲೀಸ್ ಹುಡುಗ
ಏಳನೇ 'ಬಿ'ಯಲ್ಲಿ ನನ್ನ ಹಾಕಿ ಟೀಮಿನ ಲೆಫ್ಟ್ ಹಾಫ್,
ಚೆಂಡು ಬಂದರೆ ಕಣ್ಣು ಮುಚ್ಚುತ್ತಿದ್ದ.
ಅಜ್ಜನ ಕೋವಿಯ ವಿನಾಯಿತಿ ಪತ್ರ
ಬೀರುವಿನಲ್ಲಿ ಗರಿಗರಿಯಾಗಿ ಸಿಕ್ಕಿತು;
ನಾನು ಹುಟ್ಟಿದ್ದಕ್ಕೆ ಮಾತ್ರ ಚೀಟಿ ಇಲ್ಲ.
'ಹುಟ್ಟಿದ್ದು ನಿಜ ತಾನೇ ಮಿಸ್?'
ಅಂದ, ಬರೆದುಕೊಂಡ.

ಬೂಟು ಗಂಡಸರ ಆರನೇ ನಂಬರು,
ಎರಡು ಜೊತೆ ಕಾಲುಚೀಲ ಹಾಕಿದರೆ ನನ್ನದು.
ಅದನ್ನು ಪಳಗಿಸಲು ಒಂಬತ್ತು ಭಾನುವಾರ ತಡಿಯಂಡಮೋಳ್ ಹತ್ತಿದೆ
ಬೆನ್ನಲ್ಲಿ ಹನ್ನೆರಡು ಕಿಲೋ ಪಾರ್ಚ್‌ಮೆಂಟ್ ಕಾಫಿ ಹೊತ್ತು.
ಬಿಸಿಯೂಟದ ಸೇಸಮ್ಮ ಜೊತೆಗೆ ಬಂದಳು,
ಹವಾಯಿ ಚಪ್ಪಲಿಯಲ್ಲಿ, ನನಗಿಂತ ನೂರು ಮಾರು ಮುಂದೆ.
ನಾನು ಬಂಡೆಗೆ ಕೂತು ಬೊಬ್ಬೆಗೆ ಪಟ್ಟಿ ಹಚ್ಚುವಾಗ
ಅವಳು ಮೇಲಿಂದ ಕೇಳುತ್ತಿದ್ದಳು,
'ಇಷ್ಟಕ್ಕೆ ಅಷ್ಟು ದುಡ್ಡು ಕೊಟ್ಟಿರಾ?'

ಈಗ ಇಳಿಸುವ ಕೆಲಸ.
ಟೂತ್‌ಬ್ರಷ್ಷಿನ ಹಿಡಿ ಕತ್ತರಿಸಿದೆ.
ಎರಡನೇ ಸ್ವೆಟರು ಹೋಯಿತು, ಕನ್ನಡಿ ಹೋಯಿತು,
ಕಾಚಂಪುಳಿಯ ಬಾಟಲಿ ಕಣ್ಣಿನ ಡ್ರಾಪ್ಸಿನ ಸೀಸೆಯಾಯಿತು.
ಸೀಟಿ ಉಳಿಯಿತು.
ಇಪ್ಪತ್ತಾರು ವರ್ಷ ಒಂದು ಸಲ ಊದಿದರೆ
ಮುನ್ನೂರು ಮಕ್ಕಳು ಸಾಲಾಗುತ್ತಿದ್ದರು;
ಅಲ್ಲಿ ನಿಮಿಷಕ್ಕೆ ಆರು ಸಲ ಊದಬೇಕಂತೆ,
ಒಬ್ಬರಾದರೂ ಬರಲಿ ಎಂದು.

ವಿಮೆಯ ಅರ್ಜಿ, ಹನ್ನೊಂದನೇ ಪುಟ:
ದೇಹವನ್ನು ಸ್ವದೇಶಕ್ಕೆ ಮರಳಿಸುವ ವೆಚ್ಚ, ಗರಿಷ್ಠ ಇಷ್ಟು.
ಓದಿ ನಕ್ಕೆ. ಬದುಕಿ ಇಷ್ಟು ಗಳಿಸಿದ್ದಿಲ್ಲ.
ಅದರ ಕೆಳಗೆ: ತುರ್ತಿದ್ದರೆ ಯಾರಿಗೆ ತಿಳಿಸಬೇಕು?

ಅಣ್ಣನ ನಂಬರು ಬಾಯಿಪಾಠ,
ತೋಟ ಪಾಲಾದ ವರ್ಷದಿಂದ ಅವನು ಎತ್ತುವುದಿಲ್ಲ.
ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ.
ಸೇಸಮ್ಮನ ನಂಬರು ಬರೆದೆ.
ಸಂಬಂಧ?
ತಂಗಿ.
ಇಷ್ಟು ದಪ್ಪದ ಕಡತದಲ್ಲಿ ಇದೊಂದೇ ಸುಳ್ಳು.
ಇದಕ್ಕೆ ಮಾತ್ರ ಯಾರೂ ಪುರಾವೆ ಕೇಳಲಿಲ್ಲ.

'ಫೋನು ಬಂದರೆ ಯಾವ ಭಾಷೆಯಲ್ಲಿ ಬರುತ್ತೆ?'
ಅನ್ನ ಬಸಿಯುತ್ತಾ ಕೇಳಿದಳು.
ಗೊತ್ತಿಲ್ಲ ಅಂದೆ.
'ಹಾಗಾದರೆ ಬರೋದು ಬೇಡ.'

ಆಮೇಲೆ ಒಂದು ಬಟ್ಟೆಯ ಪೊಟ್ಟಣ ಕೊಟ್ಟಳು,
ಉಪ್ಪು, ಹೊಗೆಸೊಪ್ಪಿನ ಪುಡಿ.
ಜಿಗಣೆಗೆ.
ಅಲ್ಲಿ ಜಿಗಣೆ ಇಲ್ಲ, ಬರೀ ಕಲ್ಲು, ಹಿಮ, ಗಾಳಿ.
ಇನ್ನೂರು ಗ್ರಾಂ ತೂಗುವ ಈ ಪೊಟ್ಟಣವನ್ನು
ಮೂರು ಸಲ ಹೊರಗೆ ತೆಗೆದೆ.

ಮತ್ತೆ ಮಂಡಿ. ಮತ್ತೆ ತಕ್ಕಡಿ.
ಹದಿನಾಲ್ಕು ಕಿಲೋ ಇನ್ನೂರು.
'ಇನ್ನೂರು ತೇವಕ್ಕೆ ಹೋಯ್ತು' ಎಂದು ರಜಾಕ್
ಅಭ್ಯಾಸಬಲದಿಂದ ರಸೀದಿ ಹರಿದು ಕೊಟ್ಟ:
ಅಕ್ಕವ್ವ ಟೀಚರ್. ಚೀಲ ಒಂದು. ಮಾಲು ಒಣಗಿದೆ.

ಪಾಸ್‌ಪೋರ್ಟು, ವೀಸಾ, ಪರ್ಮಿಟ್ಟಿನ ಜೊತೆ
ಅದನ್ನೂ ಮಡಿಸಿ ಇಟ್ಟುಕೊಂಡಿದ್ದೇನೆ.